ಕಡಿದ ಎಳೆಯ ಮೇಲೆ ಬೆರಳು

ಬೆಟಗೇರಿಯ ನೇಕಾರರ ಓಣಿಯಲ್ಲಿ ಈಗ ಎಲ್ಲರ ಬಾಯಲ್ಲಿರುವ ಈ ಕಥೆಗೆ ಮೂರು ಪಾಠಗಳಿವೆ, ಅಂದರೆ ಇದನ್ನು ಮೂರು ಬಗೆಯಾಗಿ ಹೇಳುತ್ತಾರೆ. ಮುಳಗುಂದದಲ್ಲಿ ಹೇಳುವ ಪಾಠದ ಕೊನೆಯಲ್ಲಿ ಆಸ್ಪತ್ರೆಯ ಯಂತ್ರವೇ ಸೋತು ಸುಮ್ಮನಾಗುತ್ತದೆ; ಅದನ್ನು ನಂಬಬೇಕಾಗಿಲ್ಲ. ಹಿರೇವಡ್ಡಟ್ಟಿಯ ಪಾಠದಲ್ಲಿ ಸೀಮಾ ಎಂಬ ಹುಡುಗಿಯೇ ನಾಯಕಿ. ಅದು ಅವಳ ತವರೂರಾದ್ದರಿಂದ ಅದೂ ಸಹಜವೇ. ಇಲ್ಲಿ ಕೊಟ್ಟಿರುವುದು ಮಂಜವ್ವನ ಪಾಠ. ಮಂಜವ್ವ ಕಂಡಿಕೆ ಸುತ್ತುವವಳು, ಅಂದರೆ ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗಳಿಗೆ ನೂಲು ತುಂಬಿಕೊಡುವವಳು. ಇಪ್ಪತ್ತೆರಡು ವರ್ಷಗಳಿಂದ ಒಂದೇ ಶೆಡ್ಡಿನ ಒಂದೇ ಮೂಲೆಯಲ್ಲಿ ಕುಳಿತು, ನಡೆದದ್ದರಲ್ಲಿ ಮುಕ್ಕಾಲು ಪಾಲನ್ನು ಕಣ್ಣಾರೆ ಕಂಡವಳು. ಉಳಿದ ಕಾಲು ಪಾಲನ್ನು ಅವಳು ಆಸ್ಪತ್ರೆಯ ಬಾಗಿಲ ಗಾಜಿನಿಂದ ಇಣುಕಿ ನೋಡಿದ್ದಾಳೆ.

ಶೆಡ್ಡು ಚನ್ನಬಸವಣ್ಣನದು. ತಗಡಿನ ಮಾಡು, ಎಂಟು ಕೈಮಗ್ಗ. ಏಳರಲ್ಲಿ ಸಾದಾ ಸೀರೆ. ಎಂಟನೆಯದರಲ್ಲಿ ದಡಿ ಸೀರೆ. ದಡಿಯೆಂದರೆ ಸೀರೆಯ ಅಂಚು. ಈ ಮಗ್ಗದ ಅಂಚಿನಲ್ಲಿ ಎರಡೂ ಕಡೆ ಸಣ್ಣ ಹೂಗಳ ಸಾಲು ಬರಬೇಕು, ಪ್ರತಿ ಹೂವಿಗೂ ಎಳೆ ಎಣಿಸಬೇಕು. ಹದಿನೈದು ವರ್ಷಗಳಿಂದ ಆ ಮಗ್ಗದ ಮೇಲೆ ಕುಳಿತವಳು ಬೆಳ್ಳಟ್ಟಿಯಿಂದ ಸೊಸೆಯಾಗಿ ಬಂದ ಶಿವರಂಜನಿ. ಇವಳ ದಡಿಯಲ್ಲಿ ತಪ್ಪು ಹುಡುಕಿಕೊಟ್ಟವರಿಗೆ ಒಂದು ಸೀರೆ ಬಿಟ್ಟಿ ಕೊಡುತ್ತೇನೆಂದು ಚನ್ನಬಸವಣ್ಣ ಅರಿವೆ ಅಂಗಡಿಗಳಲ್ಲಿ ಹೇಳಿಕೊಂಡು ತಿರುಗುತ್ತಿದ್ದ. ಹದಿನೈದು ವರ್ಷ ಯಾರಿಗೂ ಆ ಸೀರೆ ಸಿಕ್ಕಿರಲಿಲ್ಲ.

ನಾಲ್ಕು ವರ್ಷಗಳ ಹಿಂದೆ ಶಿವರಂಜನಿಯ ಒಂದು ಕಣ್ಣು ಮಬ್ಬಾಯಿತು, ಮಬ್ಬು ಕಳೆಯಿತು, ಕಾಲು ಜೋಮು ಹಿಡಿಯಿತು. ಗದಗಿನ ನರರೋಗದ ವೈದ್ಯರು ಹುಬ್ಬಳ್ಳಿಗೆ ಕಳಿಸಿ ತಲೆಯ ಸ್ಕ್ಯಾನ್ ಮಾಡಿಸಿ, ಇದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಸವೆಯುತ್ತದೆ, ಸವೆದ ಕಡೆ ಸುದ್ದಿ ತಡವಾಗಿ ಸಾಗುತ್ತದೆ, ಔಷಧ ತಪ್ಪಿಸಬಾರದು ಎಂದು ತಿಳಿಸಿ ಹೇಳಿದರು. ಅವಳು ತಪ್ಪಿಸಲಿಲ್ಲ. ಚನ್ನಬಸವಣ್ಣ ಮಗ್ಗದ ಕಾಲುಹಲಗೆ ತೆಗೆಸಿ ಹಗುರಾದ ಮರದ್ದು ಹಾಕಿಸಿಕೊಟ್ಟ. ರೋಗದ ಹೆಸರು ಬಾಯಿಗೆ ಹಿಡಿಸದೆ ಮಂಜವ್ವ ಅದನ್ನು ‘ನಿನ್ನ ಬೀಗರು’ ಎಂದು ಕರೆಯತೊಡಗಿದಳು: ಕರೆಯದೆ ಬರುತ್ತಾರೆ, ಬಂದರೆ ಜಲ್ದಿ ಹೋಗುವುದಿಲ್ಲ.

ಹೀಗಿರುವಾಗ ಕಳೆದ ಬೇಸಿಗೆಯಲ್ಲಿ ಮುಂಡರಗಿಯ ಅಂಗಡಿಯೊಂದರಿಂದ ಎರಡು ಸೀರೆ ತಿರುಗಿ ಬಂದವು. ಒಂದರ ದಡಿಯಲ್ಲಿ ಎರಡು ಹೂ ಮೈಗೆ ಮೈ ತಾಗಿಸಿಕೊಂಡಿದ್ದವು; ಇನ್ನೊಂದರಲ್ಲಿ ಹೂ ಇರಬೇಕಾದಲ್ಲಿ ಬಯಲಿತ್ತು. ಚನ್ನಬಸವಣ್ಣ ಆಡಿದ ಮಾತಿನಂತೆ ಎರಡು ಸೀರೆ ಬಿಟ್ಟಿ ಕೊಟ್ಟ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೆಂದು ಶಿವರಂಜನಿ ಆಮೇಲೆ ಹೇಳಿದ್ದುಂಟು. ಅವಳಿಗೇ ಅನುಮಾನ ಮೊದಲಿನಿಂದ ಇತ್ತು. ಮಾತಿನ ನಡುವೆ ಎಣಿಕೆ ತಪ್ಪುತ್ತಿತ್ತು. ಒಂದು ದಿನ ಕೈಯಲ್ಲಿದ್ದ ಲಾಳಿಯನ್ನೇ ನೆಲದ ಮೇಲೆ ಹುಡುಕಿದ್ದಳು.

ವೈದ್ಯರನ್ನು ಕೇಳಿದಳು. ಈ ರೋಗದಲ್ಲಿ ಕೆಲವರಿಗೆ ಯೋಚನೆಯ ವೇಗ ತಗ್ಗುವುದುಂಟು, ಎಲ್ಲರಿಗೂ ಅಲ್ಲ. ಅಳೆದು ನೋಡಲು ಕಂಪ್ಯೂಟರಿನ ಮೇಲೆ ಅರ್ಧ ತಾಸಿನ ಪರೀಕ್ಷೆಯಿದೆ, ಮಾಡಿಸೋಣ ಎಂದರು. ಸುದ್ದಿ ಶೆಡ್ಡಿಗೆ ಬಂತು. ಚನ್ನಬಸವಣ್ಣ ಮರುದಿನ ಮಗ್ಗಗಳು ನಿಂತ ಊಟದ ಹೊತ್ತಿನಲ್ಲಿ ಎಲ್ಲರೆದುರು ಹೇಳಿದ:

“ಯವ್ವಾ ಶಿವಿ, ತಲಿ ಸರಿ ಐತಿ ಅಂತ ಡಾಕ್ಟರ್ ಕಡಿಂದ ಬರಿಸಿಕೊಂಡು ಬಾ. ದಡಿ ಮಗ್ಗ ನಿಂದ. ಇಲ್ಲಂದ್ರ ಅದರ ಮ್ಯಾಲ ಸೀಮಾ ಕೂಡ್ರಲಿ, ನೀ ಸಾದಾ ಸೀರಿ ನೇಯಿ.”

“ಬರದು ಕೊಡಲಿಲ್ಲಂದ್ರ ಸಾದಾ ಸೀರೀನೂ ಬ್ಯಾಡ ಕಾಕಾ,” ಎಂದಳು ಶಿವರಂಜನಿ. “ಎಣಸಾಕ ಬರದ ಕೈಗೆ ಲಾಳಿ ಯಾಕ?”

ಸೀಮಾ ಶೆಡ್ಡಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಇಪ್ಪತ್ತೆರಡರ ಹುಡುಗಿ. ಅವಳು ರೊಟ್ಟಿಯನ್ನು ಬಾಯಿಗೆ ಒಯ್ಯದೆ ಕೈಯಲ್ಲೇ ಹಿಡಿದು ಕುಳಿತಿದ್ದಳೆಂಬುದನ್ನು ಮೂರೂ ಪಾಠಗಳು ಹೇಳುತ್ತವೆ.

ಮುಂದಿನದು ತಿಳಿಯಬೇಕಾದರೆ ಆ ಶೆಡ್ಡಿನ ಒಂದು ಕಟ್ಟಳೆ ತಿಳಿದಿರಬೇಕು. ನೇಯುವಾಗ ಎಳೆ ಕಡಿದರೆ ಲಾಳಿ ಎಸೆಯುವಂತಿಲ್ಲ. ಕಡಿದ ತುದಿಯ ಮೇಲೆ ಎಡಗೈಯ ತೋರುಬೆರಳಿಟ್ಟು, ಗಂಟು ಹಾಕಿ, ಗಂಟನ್ನು ಉಗುರಿನಿಂದ ಸವರಿ ನೋಡಿ, ಅನಂತರವೇ ಮುಂದಿನ ಎಳೆ. ಮನೆಗೆ ಬೆಂಕಿ ಬಿದ್ದರೂ ಮೊದಲು ಗಂಟು ಎಂದು ಚನ್ನಬಸವಣ್ಣನ ಅಪ್ಪ ಹೇಳುತ್ತಿದ್ದನಂತೆ. ಹೊಸಬರು ಮೊದಲ ವರ್ಷ ಬೇರೇನನ್ನೂ ಕಲಿಯುವುದಿಲ್ಲ.

ಪರೀಕ್ಷೆಯ ದಿನ ಗಂಡನಿಗೆ ಗದಗಿನ ಮುದ್ರಣಾಲಯದಲ್ಲಿ ರಜೆ ಸಿಗದೆ ಶಿವರಂಜನಿಯ ಜೊತೆಗೆ ಮಂಜವ್ವ ಹೊರಟಳು. ಹಿಂದಿನ ದಿನವೇ ನೆನೆಹಾಕಿದ್ದ ಐದು ಬಾದಾಮಿಗಳನ್ನು ಸಿಪ್ಪೆ ಸುಲಿದು ತಿನ್ನಿಸಿದಳು. ನಗರ ಸಾರಿಗೆಯ ಬಸ್ಸಿನಲ್ಲಿ ಹದಿನೇಳರ ಮಗ್ಗಿ ಕೇಳಿದಳು. ತನಗೇ ಹದಿನೇಳರ ಮಗ್ಗಿ ಬಾರದ್ದರಿಂದ ಉತ್ತರ ಸರಿಯೋ ತಪ್ಪೋ ತಿಳಿಯದೆ, ಬೇಷ್ ಎಂದು ಬೆನ್ನು ತಟ್ಟಿದಳು. ಆಸ್ಪತ್ರೆಯಲ್ಲಿ ಸರದಿ ಬಂದಾಗ ಮಧ್ಯಾಹ್ನ ಮೂರು ಗಂಟೆ. ಬಿಸಿಲು ಗೋಡೆಯೊಳಕ್ಕೂ ಇಳಿದಿತ್ತು.

ಪರೀಕ್ಷೆ ನಡೆಸುವವಳು ಸಾಯಿಮಾ. ಲಕ್ಷ್ಮೇಶ್ವರದವಳು, ದಿನಾಲು ಬಸ್ಸಿನಲ್ಲಿ ಬಂದು ಹೋಗುವವಳು, ವಯಸ್ಸು ಇಪ್ಪತ್ತಾರು. ತಾನೂ ಒಳಗೆ ಕೂರುತ್ತೇನೆಂದು ಮಂಜವ್ವ ಹಟ ಹಿಡಿದಾಗ ಅವಳು ವಿನಯದಿಂದಲೇ ಬಾಗಿಲು ತೋರಿಸಿದಳು. ಹಿಂದಿನ ವಾರ ಶಿರಹಟ್ಟಿಯ ಅತ್ತೆಯೊಬ್ಬಳು ಹೀಗೆಯೇ ಒಳಗೆ ಕುಳಿತು ಸೊಸೆಗೆ ಕೇಳಿದ್ದಕ್ಕೆಲ್ಲ ತಾನೇ ಉತ್ತರ ಕೊಟ್ಟಿದ್ದಳಂತೆ; ಅತ್ತೆಯ ತಲೆ ಬಹಳ ಚೆನ್ನಾಗಿದೆಯೆಂದು ಸಿದ್ಧವಾಯಿತೇ ಹೊರತು ಸೊಸೆಯ ವಿಷಯ ತಿಳಿಯಲಿಲ್ಲ. ಆದ್ದರಿಂದ ಈಗ ರೋಗಿ ಒಬ್ಬರೇ, ಕೋಣೆ ನಿಶ್ಶಬ್ದ, ಸಾಯಿಮಾ ಕೂಡ ಹೊರಗೆ.

ಯಂತ್ರವೆಂದರೆ ಒಂದು ಟ್ಯಾಬ್ಲೆಟ್ಟು, ಅಷ್ಟೇ. ಪರದೆಯ ಮೇಲ್ಭಾಗದಲ್ಲಿ ಒಂಬತ್ತು ಚಿತ್ರ, ಒಂದೊಂದರ ಕೆಳಗೆ ಒಂದೊಂದು ಅಂಕಿ. ಅದರ ಕೆಳಗೆ ಅವೇ ಚಿತ್ರಗಳು ಹಿಂದುಮುಂದಾಗಿ ಸಾಲು ಸಾಲು, ಅಡಿಯಲ್ಲಿ ಖಾಲಿ ಚೌಕ. ಮೇಲೆ ನೋಡಿ ಅಂಕಿ ಮುಟ್ಟುತ್ತ ಚೌಕ ತುಂಬುತ್ತ ಹೋಗಬೇಕು. ಒಂದೂವರೆ ನಿಮಿಷದಲ್ಲಿ ಎಷ್ಟು ಸರಿಯಾಗುತ್ತವೋ ಅಷ್ಟು. ತಪ್ಪಾದಲ್ಲಿ ಚಿಂತಿಸದೆ ಮುಂದುವರಿಯಿರಿ ಎಂದು ಯಂತ್ರ ಶುದ್ಧವಾದ ಪುಸ್ತಕದ ಕನ್ನಡದಲ್ಲಿ ಹೇಳಿತು. ಶಿವರಂಜನಿಗೆ ಅದು ಸ್ಪಷ್ಟವಾಗಿ ಕೇಳಿಸಿತ್ತು. ಈ ಬಗ್ಗೆ ಪಾಠಭೇದವಿಲ್ಲ.

ಮೊದಲ ಹದಿನಾಲ್ಕು ಚೌಕ ಸಲೀಸಾಗಿ ತುಂಬಿದವು. ಹದಿನೈದನೆಯದು ಬೋರಲು ಹಾಕಿದ ಬಟ್ಟಲಿನ ಚಿತ್ರ. ಅದರ ಅಂಕಿ ಮೂರು. ಬೆರಳು ಆರನ್ನು ಮುಟ್ಟಿತು. ಅವಳು ಮುಂದೆ ಹೋಗಲಿಲ್ಲ. ಆ ಚೌಕವನ್ನು ಮುಟ್ಟಿದಳು, ಅಳಿಸಲೆಂದು. ಅಳಿಯಲಿಲ್ಲ. ಮತ್ತೆ ಮುಟ್ಟಿದಳು. ಗಾಜಿನಿಂದ ಇಣುಕುತ್ತಿದ್ದ ಮಂಜವ್ವನಿಗೆ ಕಂಡದ್ದು ಇಷ್ಟು: ಹುಡುಗಿ ಒಂದೇ ಕಡೆ ಕುಟ್ಟುತ್ತಿದ್ದಾಳೆ, ಜೋಳದ ಮೇಲೆ ಕೋಳಿ ಕುಟ್ಟಿದ ಹಾಗೆ. ಅದು ಪರೀಕ್ಷೆಯ ಪದ್ಧತಿಯಿರಬೇಕೆಂದು ಮಂಜವ್ವ ಸಮಾಧಾನಪಟ್ಟಳು. ಒಂದೂವರೆ ನಿಮಿಷ ಹಾಗೆಯೇ ಮುಗಿಯಿತು. ಎರಡನೆಯ ಭಾಗದಲ್ಲಿ ಯಂತ್ರ ಹದಿನೈದು ಪದಗಳನ್ನು ಹೇಳಿ ತಿರುಗಿ ಹೇಳಲು ಕೇಳಿತು. ಅವಳ ಲಕ್ಷ್ಯ ಇನ್ನೂ ಬಟ್ಟಲಿನ ಬಳಿಯೇ ಇತ್ತು. ನಾಲ್ಕು ಪದ ಹೇಳಿದಳು.

ಮುದ್ರಿತ ಹಾಳೆ ಹೊರಬಂದಾಗ ಅದರ ಮೇಲೆ ಹದಿನಾಲ್ಕು ಎಂದಿತ್ತು, ಪಕ್ಕದಲ್ಲಿ ಕೆಂಪು ಗೆರೆ. ಅವಳ ವಯಸ್ಸಿನ, ಅವಳಷ್ಟೇ ಓದಿದವರು ಐವತ್ತರ ಆಸುಪಾಸಿನಲ್ಲಿ ಇರುತ್ತಾರೆಂದು ಅದೇ ಹಾಳೆ ಹೇಳುತ್ತಿತ್ತು. ವೈದ್ಯರು ಸೋಮವಾರ ಮಾತಾಡುತ್ತಾರೆ, ಅಲ್ಲಿಯವರೆಗೆ ಏನೂ ತೀರ್ಮಾನಿಸಬೇಡಿ ಎಂದು ಸಾಯಿಮಾ ಹೇಳಿದ್ದು ನಿಜ. ಆದರೆ ಹಾಳೆ ಕೈಗೆ ಸಿಕ್ಕಿತ್ತು. ಶಿವರಂಜನಿ ನೆಟ್ಟಗೆ ಶೆಡ್ಡಿಗೆ ಬಂದು, ತನ್ನ ಮಗ್ಗದ ಲಾಳಿಯನ್ನು ತೆಗೆದು ಸೀಮಾಳ ಮಡಿಲಲ್ಲಿ ಇಟ್ಟಳು. ಆ ಶೆಡ್ಡಿನಲ್ಲಿ ಮಗ್ಗ ಬಿಟ್ಟುಕೊಡುವ ರೀತಿ ಅದೇ. ಸೀಮಾ ಅದನ್ನು ಕಾದ ಹಂಚಿನಂತೆ ಎತ್ತಿ ಮಂಜವ್ವನ ಬುಟ್ಟಿಗೆ ಹಾಕಿದಳು. ಮಂಜವ್ವ ಒಯ್ದು ಚನ್ನಬಸವಣ್ಣನ ಮುಂದಿಟ್ಟಳು. ಅವನು ಅದನ್ನು ನೋಡಿದ, ಮುಟ್ಟಲಿಲ್ಲ. ಲಾಳಿ ಅಲ್ಲಿಯೇ ಉಳಿಯಿತು, ದಡಿ ಮಗ್ಗ ನಿಂತೇ ಇತ್ತು, ಶಿವರಂಜನಿ ಮನೆಯಲ್ಲಿದ್ದಳು.

ಇತ್ತ ಸಾಯಿಮಾಳನ್ನು ಹದಿನಾಲ್ಕು ಎಂಬ ಅಂಕಿ ಲಕ್ಷ್ಮೇಶ್ವರದ ಬಸ್ಸಿನಲ್ಲಿಯೂ ಬಿಡಲಿಲ್ಲ. ಯಂತ್ರ ಪ್ರತಿಯೊಂದು ಸ್ಪರ್ಶವನ್ನೂ ಬರೆದಿಟ್ಟುಕೊಳ್ಳುತ್ತದೆ. ಮರುದಿನ ಅವಳು ಅದನ್ನು ತೆರೆದು ನೋಡಿದಳು. ಮೊದಲ ಅರ್ಧ ನಿಮಿಷದಲ್ಲಿ ಹದಿನಾಲ್ಕು, ಒಂದೂ ತಪ್ಪಿಲ್ಲದೆ. ಆಮೇಲೆ ಒಂದು ತಪ್ಪು. ಅನಂತರದ ಒಂದು ನಿಮಿಷವಿಡೀ ಅದೇ ಚೌಕದ ಮೇಲೆ ಎಪ್ಪತ್ತೊಂದು ಸ್ಪರ್ಶ. ಮರೆವಿನವರು ಹೀಗೆ ಮಾಡಿದ್ದನ್ನು ಅವಳು ಕಂಡಿರಲಿಲ್ಲ. ವೈದ್ಯರಿಗೆ ತೋರಿಸಿದಳು. ಆ ಹೆಂಗಸಿನ ಕೆಲಸವೇನೆಂದು ಅವರು ಕೇಳಿದರು. ನೇಕಾರಿಕೆ ಎಂದಳು. ನಿನಗೆ ಹೋಗಿಬರಲು ಆದರೆ ಪರೀಕ್ಷೆಯ ಅಭ್ಯಾಸದ ಆವೃತ್ತಿ ತೆಗೆದುಕೊಂಡು ಅವರ ಶೆಡ್ಡಿಗೆ ಹೋಗಿ ಒಮ್ಮೆ ನೋಡಿ ಬಾ ಎಂದರು.

ಭಾನುವಾರ ಬೆಳಿಗ್ಗೆ ಸಾಯಿಮಾ ಟ್ಯಾಬ್ಲೆಟ್ಟು ಹಿಡಿದು ಶೆಡ್ಡಿನ ಬಾಗಿಲಿಗೆ ಬಂದಳು. ಮಂಜವ್ವ ಓಡಿಹೋಗಿ ಶಿವರಂಜನಿಯನ್ನು ಕೈ ಹಿಡಿದು ಕರೆತಂದಳು. ರೋಗವಿಲ್ಲದ ನಾಲ್ಕಾರು ಜನ ಇದನ್ನು ಮಾಡಿ ತೋರಿಸಬೇಕು, ಮತ್ತೇನೂ ಬೇಡ ಎಂದು ಸಾಯಿಮಾ ಕೇಳಿಕೊಂಡಳು. ಪರೀಕ್ಷೆಯೆಂದರೆ ಹೆದರುವ ವಂಶ ತನ್ನದಲ್ಲವೆಂದು ಹೇಳಿ ಚನ್ನಬಸವಣ್ಣ ಕನ್ನಡಕ ಒರೆಸಿಕೊಂಡು ಮೊದಲು ಕುಳಿತ. ಹನ್ನೆರಡನೆಯ ಚೌಕದಲ್ಲಿ ತಪ್ಪಿದ. ತೋರುಬೆರಳಿನಿಂದ ಒತ್ತಿದ. ಹೆಬ್ಬೆರಳಿನಿಂದ ಒತ್ತಿದ. ಕೊನೆಗೆ ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ನೀರಲ್ಲಿ ಅದ್ದಿ ಒರೆಸತೊಡಗಿದಾಗ ಸಾಯಿಮಾ ಟ್ಯಾಬ್ಲೆಟ್ಟನ್ನು ಕಸಿದುಕೊಳ್ಳಬೇಕಾಯಿತು. ಅವನ ಅಂಕಿ ಹನ್ನೊಂದು. ಅವನ ನಂತರ ಕುಳಿತ ಐದು ಜನ ನೇಕಾರರಲ್ಲಿ ಒಬ್ಬ ಹತ್ತೊಂಬತ್ತು, ಒಬ್ಬಳು ಇಪ್ಪತ್ತೆರಡು; ಉಳಿದವರು ಅದಕ್ಕೂ ಕೆಳಗೆ. ಎಲ್ಲರೂ ನಿಂತದ್ದು ತಮ್ಮ ತಮ್ಮ ಮೊದಲ ತಪ್ಪಿನ ಹತ್ತಿರ.

ಕೊನೆಗೆ ಸೀಮಾ ಕುಳಿತಳು. ಹುಬ್ಬೂ ಅಲುಗಿಸದೆ ಐವತ್ತೆಂಟು ಸರಿ ಮಾಡಿದಳು, ಒಂಬತ್ತು ತಪ್ಪು.

“ಒಂಬತ್ತು ಎಳಿ ಕಡದಾವು,” ಎಂದ ಚನ್ನಬಸವಣ್ಣ. “ಹುಡುಗಿ ಹೊಳ್ಳಿ ನೋಡಿಲ್ಲ.”

“ಮುಂದ ಹೋಗು ಅಂತ ಅದ ಹೇಳ್ತು, ನಾ ಹೋದ್ನಿ,” ಎಂದಳು ಸೀಮಾ. “ಹೇಳಿದ ಮಾತು ಕೇಳಲಾರದವರು ನೀವು. ಬೈಗುಳ ನನಗ.”

“ಇದರ ಲೆಕ್ಕದಾಗ ಇಡೀ ಓಣಿಗೆ ತಲಿ ಇಲ್ಲ,” ಎಂದಳು ಮಂಜವ್ವ ಕಂಡಿಕೆ ಸುತ್ತುತ್ತಲೇ. “ಎಲ್ಲಾರಕಿಂತ ಕಡಿಮಿ ಇರೂದು ಮಾಲಕರಿಗೆ. ಶಿವೀದು ಹದಿನಾಕು, ಇವರದು ಹನ್ನೊಂದು. ಲಾಳಿ ಯಾರು ಯಾರಿಗೆ ಕೊಡಬೇಕು ಈಗ?”

ಶೆಡ್ಡು ನಕ್ಕಿತು. ಚನ್ನಬಸವಣ್ಣನೂ ನಕ್ಕ, ತಡವಾಗಿ. ನಗದೆ ನಿಂತವಳು ಶಿವರಂಜನಿಯೊಬ್ಬಳೇ; ಅವಳು ಸಾಯಿಮಾಳ ಮುಖವನ್ನೇ ನೋಡುತ್ತಿದ್ದಳು.

“ಅಕ್ಕಾರ, ಇವರು ನಕ್ಕರಂತ ನಿಮ್ಮ ಪರೀಕ್ಷಾ ಮುಗೀಲಿಲ್ಲ,” ಎಂದಳು ಸಾಯಿಮಾ. “ಆ ಹದಿನಾಕು ಹಿಡದು ನಿಮ್ಮ ತಲಿ ಕೆಟ್ಟೈತಿ ಅಂತ ಹೇಳಾಕ ಬರೂದಿಲ್ಲ. ಚೊಲೊ ಐತಿ ಅಂತಾನೂ ಹೇಳಾಕ ಬರೂದಿಲ್ಲ. ಬ್ಯಾರೆ ಚಿತ್ರದ್ದು ಇನ್ನೊಂದು ಐತಿ. ಹೊಳ್ಳಿ ಬರ್ರಿ. ತಪ್ಪಿದ್ದನ್ನ ಅಲ್ಲೇ ಬಿಟ್ಟು ಹೋಗಬೇಕು, ಅಷ್ಟ.”

“ಅಷ್ಟ ಅಂತೀರಿ,” ಎಂದಳು ಶಿವರಂಜನಿ.

ಹೊರಡುವ ಮುನ್ನ ಸಾಯಿಮಾ ಇನ್ನೊಂದು ಸಂಗತಿ ಕೇಳಿದಳು: ತಿರುಗಿ ಬಂದ ಸೀರೆಗಳನ್ನು ಯಾವ ಹೊತ್ತಿನಲ್ಲಿ ನೇಯ್ದದ್ದು? ಚನ್ನಬಸವಣ್ಣನಿಗೆ ತಿಂಗಳು ಗೊತ್ತಿತ್ತು, ಹೊತ್ತು ಗೊತ್ತಿರಲಿಲ್ಲ. ಹೊತ್ತು ಹೇಳಿದವಳು ಮಂಜವ್ವ. ಬೇಸಿಗೆ ಶುರುವಾದ ಮೇಲೆ, ಊಟದ ನಂತರ, ತಗಡು ಕಾದು ಬೆಕ್ಕು ಕೂಡ ಶೆಡ್ಡು ಬಿಟ್ಟು ಹೋಗುವ ಹೊತ್ತಿನಲ್ಲಿ. ಎರಡೂ ಸೀರೆಯಲ್ಲಿ ಹೂ ತಪ್ಪಿದ್ದು ಆವಾಗಲೇ. ಊಟದ ನಂತರ ಅವಳು ಕೊಟ್ಟ ಹೊಸ ಕಂಡಿಕೆ ಶುರುವಾದ ಗುರುತು ಸೀರೆಯಲ್ಲೇ ಇತ್ತು, ಅದನ್ನು ಅವಳು ಬೆರಳಿಟ್ಟು ತೋರಿಸಿದಳು. ಸೆಕೆ ಏರಿದಾಗ ಈ ರೋಗದವರ ನರಗಳು ಇನ್ನಷ್ಟು ಮಂದವಾಗುತ್ತವೆ, ತಂಪಾದಾಗ ತಾವೇ ಸರಿಹೋಗುತ್ತವೆ ಎಂದು ಸಾಯಿಮಾ ವಿವರಿಸಿದಳು. ಚನ್ನಬಸವಣ್ಣ ತಲೆಯೆತ್ತಿ ತಗಡನ್ನು ನೋಡಿದ. ಅದನ್ನು ಹಾಕಿಸಿದವನು ಅವನೇ.

ಸೋಮವಾರ ವೈದ್ಯರೂ ಅದೇ ಮಾತು ಹೇಳಿದರು. ಎರಡು ವಾರ ಬಿಟ್ಟು ಶಿವರಂಜನಿ ಪುನಃ ಹೋದಳು, ಈ ಸಲ ಬೆಳಿಗ್ಗೆ ಒಂಬತ್ತಕ್ಕೆ. ಬಾದಾಮಿ ಬೇಡವೆಂದಳು. ಮಂಜವ್ವ ಗಾಜಿಗೆ ಮೂಗು ಹಚ್ಚಿದಳು. ಚಿತ್ರಗಳು ಬದಲಾಗಿದ್ದವು. ಹತ್ತಾಯಿತು, ಹದಿನೈದಾಯಿತು, ಇಪ್ಪತ್ತರ ಮೇಲಾಯಿತು. ಆಗ ಒಂದು ತಪ್ಪಿತು. ಬಲಗೈ ಗಾಳಿಯಲ್ಲಿ ನಿಂತುಬಿಟ್ಟಿತು. ಮಂಜವ್ವ ಹೊರಗಿನಿಂದಲೇ, ಹೋಗು, ಮುಂದ ಹೋಗು ಎಂದು ತುಟಿಯಾಡಿಸಿದಳು; ಒಳಗೆ ಕೇಳಿಸುವಂತಿರಲಿಲ್ಲ. ಶಿವರಂಜನಿ ಎಡಗೈಯ ತೋರುಬೆರಳನ್ನು ಮೇಜಿನ ಅಂಚಿನ ಮೇಲೆ ಒತ್ತಿ ಹಿಡಿದಳು, ಕಡಿದ ಎಳೆಯ ತುದಿಯನ್ನು ಹಿಡಿದ ಹಾಗೆ. ಹಾಗೆ ಹಿಡಿದುಕೊಂಡೇ ಬಲಗೈಯನ್ನು ಮುಂದಕ್ಕೆ ಬಿಟ್ಟಳು. ಪರೀಕ್ಷೆ ಮುಗಿಯುವವರೆಗೂ ಆ ಬೆರಳು ಮೇಲೇಳಲಿಲ್ಲ. ಎದ್ದಾಗ ತುದಿ ಬೆಳ್ಳಗಾಗಿತ್ತು.

ನಲವತ್ತಾರು ಸರಿ, ಎರಡು ತಪ್ಪು. ಹದಿನೈದು ಪದಗಳಲ್ಲಿ ಹದಿಮೂರು. ವೈದ್ಯರು ಅವಳನ್ನು ಕೂರಿಸಿಕೊಂಡು ಹೇಳಿದ್ದನ್ನು ಬರೆದೂ ಕೊಟ್ಟರು: ನೆನಪು ಚೆನ್ನಾಗಿದೆ, ವೇಗ ನಿರೀಕ್ಷೆಗಿಂತ ಸ್ವಲ್ಪ ಕಡಿಮೆ, ಕಷ್ಟದ ಕೆಲಸ ಬೆಳಗಿನ ತಂಪಿನಲ್ಲಿ, ನಡುನಡುವೆ ವಿಶ್ರಾಂತಿ, ಆರು ತಿಂಗಳ ನಂತರ ಇನ್ನೊಮ್ಮೆ ನೋಡಬೇಕು. ತಲೆ ಸರಿ ಇದೆಯೆಂದು ಒಂದು ಸಾಲು ಬರೆದುಕೊಡಬಹುದೇ ಎಂದು ಮಂಜವ್ವ ಕೇಳಿದಳು. ಅಂಥ ಸಾಲನ್ನು ತಾನು ಯಾರಿಗೂ ಬರೆದುಕೊಡಲಾರೆ, ತನ್ನ ಸ್ವಂತ ತಮ್ಮನಿಗೂ ಎಂದು ವೈದ್ಯರು ನಕ್ಕರು.

ಶೆಡ್ಡಿನಲ್ಲಿ ಚನ್ನಬಸವಣ್ಣ ಆ ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದ. ಹಿಂದೆ ತಿರುಗಿಸಿ ನೋಡಿದ. ಹಿಂದೆ ಏನೂ ಇರಲಿಲ್ಲ. ಪುನಃ ಓದಿದ. ಮಗ್ಗಗಳೆಲ್ಲ ನಿಂತಿದ್ದವು.

“ಸರಿ ಐತಿ ಅಂತ ಎಲ್ಲಿ ಬರದಾರ ಇದರಾಗ?”

“ಎಲ್ಲೂ ಬರದಿಲ್ಲ ಕಾಕಾ,” ಎಂದಳು ಶಿವರಂಜನಿ. “ಒಂಚೂರು ನಿಧಾನ ಆಗೇತಿ ಅಂತ ಬರದಾರ. ಖರೆ ಐತಿ. ನನಗೂ ಗೊತ್ತಾಗತೈತಿ.”

ಚನ್ನಬಸವಣ್ಣ ಹಾಳೆಯನ್ನು ನಾಲ್ಕಾಗಿ ಮಡಚಿದ. “ನನಗ ಜಲ್ದಿ ಬೇಕಾಗಿದ್ರ,” ಎಂದ, “ಮೂವತ್ತು ವರ್ಷದ ಹಿಂದ ಪವರ್‌ಲೂಮ್ ಹಾಕತಿದ್ದೆ.”

ಎರಡು ವಾರಗಳಿಂದ ತನ್ನ ಮುಂದೆ ಬಿದ್ದಿದ್ದ ಲಾಳಿಯನ್ನು ಅವನೇ ಎತ್ತಿಕೊಂಡು ಹೋಗಿ ದಡಿ ಮಗ್ಗದ ಮೇಲೆ ಇಟ್ಟ. ಮುಂಜಾನೆ ಏಳರಿಂದ ಹನ್ನೊಂದರ ತನಕ ಮಗ್ಗ ಶಿವರಂಜನಿಯದು. ಆ ಹೊತ್ತಿನಲ್ಲಿ ಅವಳನ್ನು ಮಾತಾಡಿಸಿದವರಿಗೆ ಚಹಾ ಇಲ್ಲ. ಆಮೇಲೆ ಸೀಮಾ ಅವಳ ಪಕ್ಕದಲ್ಲಿ ಕುಳಿತು ದಡಿ ಕಲಿಯುವುದು. ಮಧ್ಯಾಹ್ನ ಆ ಮಗ್ಗ ನಿಲ್ಲುತ್ತದೆ. ತಗಡಿನ ಮೇಲೆ ತೆಂಗಿನ ಗರಿ ಬಂತು, ಅದರ ಮೇಲೆ ದಿನಕ್ಕೆರಡು ಸಲ ನೀರು. ಮುಂಡರಗಿಯಿಂದ ಆಮೇಲೆ ಸೀರೆ ತಿರುಗಿ ಬಂದಿಲ್ಲ. ಆದರೂ ಚನ್ನಬಸವಣ್ಣ ಬಿಟ್ಟಿ ಸೀರೆಯ ಮಾತನ್ನು ಈಗ ಅಷ್ಟು ಗಟ್ಟಿಯಾಗಿ ಆಡುವುದಿಲ್ಲ. ತನ್ನ ಹನ್ನೊಂದನ್ನು ಅಳಿಸಲು ಅವನು ಗುಟ್ಟಾಗಿ ಸಾಯಿಮಾಳಲ್ಲಿಗೆ ಹೋಗಿದ್ದನೆಂದು ಮುಳಗುಂದದವರು ಹೇಳುತ್ತಾರೆ. ಮಂಜವ್ವ ಇದನ್ನು ಒಪ್ಪುವುದಿಲ್ಲ: ಗುಟ್ಟಾಗಿ ಅಲ್ಲ, ಹೇಳಿಯೇ ಹೋಗಿದ್ದ, ಹದಿನೈದು ಮಾಡಿಕೊಂಡು ಬಂದ.

ಆರು ತಿಂಗಳ ನಂತರ ಶಿವರಂಜನಿ ಪುನಃ ಪರೀಕ್ಷೆಗೆ ಹೋದಳು. ಕುರ್ಚಿಯಲ್ಲಿ ಕುಳಿತವಳು, ಟ್ಯಾಬ್ಲೆಟ್ಟು ತೆರೆಯುವ ಮೊದಲು ಸಾಯಿಮಾಳನ್ನು ಕೇಳಿದ್ದು ಒಂದೇ.

“ಅವತ್ತು ಬೋರಲ ಬಟ್ಟಲದ ಕೆಳಗ ಮೂರರ ಬದಲಿ ಆರು ಮುಟ್ಟಿದ್ದೆ ನೋಡ್ರಿ, ಹದಿನೈದನೇದು. ಅದು ಒಳಗ ಹಂಗ ಐತೇನು ಇನ್ನೂ?”

ಹಾಗೆಯೇ ಇದೆ, ಅದನ್ನು ಯಾರಿಂದಲೂ ತಿದ್ದಲಾಗುವುದಿಲ್ಲ ಎಂದಳು ಸಾಯಿಮಾ. ಶಿವರಂಜನಿ ಎಡಗೈಯ ತೋರುಬೆರಳನ್ನು ಮೇಜಿನ ಅಂಚಿನ ಮೇಲೆ ಇಟ್ಟು, ಶುರು ಮಾಡಿರೆಂದು ತಲೆಯಾಡಿಸಿದಳು.